ಪಾಠ ಮುಗಿದ ಮೇಲೆ ನೋಟ್‌ಬುಕ್ ನೋಡಿ

ಪ್ರಿಯ ಟೀಚರ್,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೆಲಸಕ್ಕೆ ಸೇರಿ ಒಂದು ಟರ್ಮ್ ಕಳೆದಿದೆ, ಆರನೇ ತರಗತಿಯ ಗಣಿತ ಕೊಟ್ಟಿದ್ದಾರೆ, ರಾತ್ರಿ ಕೂತು ತಯಾರಿ ಮಾಡಿದ ಪಾಠ ಹತ್ತೇ ನಿಮಿಷಕ್ಕೆ ಗಲಾಟೆಯಲ್ಲಿ ಮುಗಿದುಹೋಗುತ್ತದೆ ಎಂದು ಬರೆದಿದ್ದೀರಿ. 'ಮೊದಲ ವರ್ಷ ನಗಲೇಬೇಡಿ, ಆಮೇಲೆ ತಲೆ ಮೇಲೆ ಕೂರ್ತಾರೆ' ಎಂದು ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ಹೇಳಿದರಂತೆ. ಪಕ್ಕದ ತರಗತಿಯ ಟೀಚರ್ ದನಿ ಎತ್ತದೆಯೇ ಪಾಠ ಮಾಡುವುದನ್ನು ನೋಡಿದಾಗ, ಇದು ಹುಟ್ಟಿನಿಂದಲೇ ಬರಬೇಕೇನೋ ಅನ್ನಿಸುತ್ತದೆ ಎಂದಿದ್ದೀರಿ. ಯಾವ ಕೋರ್ಸ್ ಮಾಡಲಿ ಎಂದೂ ಕೇಳಿದ್ದೀರಿ.

ಹುಟ್ಟಿನಿಂದ ಬರುವುದಲ್ಲ ಇದು. ನೋಡಿ ಕಲಿಯುವಂಥದ್ದೇ. ಆದರೆ ಎಲ್ಲಿ ನೋಡಬೇಕು ಅನ್ನುವುದು ಮುಖ್ಯ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ ತರಗತಿಗಳ ವಿಡಿಯೋ ಇಟ್ಟುಕೊಂಡು ಇದನ್ನೇ ಹುಡುಕಿದರು. 1970ರಲ್ಲಿ ಅವರು ಪ್ರಕಟಿಸಿದ ವಿಷಯ ಇಂದಿಗೂ ಹೊಸ ಟೀಚರ್‌ಗಳಿಗೆ ತುಂಬಾ ಬೇಕಾದದ್ದು. ಗಲಾಟೆ ಆದ ಮೇಲೆ ಹೇಗೆ ಗದರುತ್ತಾರೆ ಎಂಬುದರಲ್ಲಿ, ತರಗತಿ ಹಿಡಿತದಲ್ಲಿರುವ ಟೀಚರ್‌ಗೂ ಒದ್ದಾಡುವ ಟೀಚರ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ಅದಕ್ಕಿಂತ ಮುಂಚೆ. ಮೊದಲನೆಯವರ ಕಣ್ಣು ಇಡೀ ತರಗತಿಯ ಮೇಲಿತ್ತು. ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಅವರು ತಡವರಿಸುತ್ತಿರಲಿಲ್ಲ.

ಹಾಗಾಗಿ ನಗಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಗಲಾಟೆ ಯಾವಾಗ ಶುರುವಾಗುತ್ತದೆ ಎಂದು ಒಂದು ವಾರ ಗಮನಿಸಿ. ನೋಟ್‌ಬುಕ್ ಹಂಚುವಾಗಲಾ? ನೀವು ಬೋರ್ಡಿನ ಕಡೆ ತಿರುಗಿ ಉದ್ದದ ಲೆಕ್ಕ ಬರೆಯುವಾಗಲಾ? ಬೇಗ ಮುಗಿಸಿದ ಮಕ್ಕಳು ಸುಮ್ನೆ ಕೂತಿರುವಾಗಲಾ? ಆ ಒಂದು ಹೊತ್ತಿಗೆ ಮಕ್ಕಳ ಕೈಗೆ ಏನಾದರೂ ಕೆಲಸ ಕೊಡಿ. ಒಳಗೆ ಬಂದ ಕೂಡಲೇ ಮಾಡಲು ಬೋರ್ಡಿನ ಮೇಲೆ ಒಂದು ಚಿಕ್ಕ ಲೆಕ್ಕ ದಿನವೂ ಇರಲಿ. ಎಲ್ಲರ ಹೆಸರೂ ಬಾಯಿಗೆ ಬರಲಿ.

ಇನ್ನು ನನಗೆ ನಿಜವಾಗಿ ಹೇಳಬೇಕೆನಿಸಿದ ಮಾತು. ನಿಮ್ಮ ಪತ್ರದ ತುಂಬಾ 'ನಾನು ಹೇಗೆ ಪಾಠ ಮಾಡಿದೆ' ಎಂಬ ಚಿಂತೆಯೇ ಇದೆ. ಮಕ್ಕಳಿಗೆ ಏನು ಅರ್ಥವಾಯಿತು ಎಂಬುದು ಒಂದು ಕಡೆಯೂ ಬಂದಿಲ್ಲ. ಇದು ತಪ್ಪಲ್ಲ. ಮೊದಮೊದಲು ಎಲ್ಲರ ಗಮನವೂ ತಮ್ಮ ಮೇಲೆಯೇ ಇರುತ್ತದೆ. ಆದರೆ ಟೀಚರ್ ಬೆಳೆಯುವುದು ಆ ಗಮನ ಮಕ್ಕಳ ಕಡೆ ತಿರುಗಿದಾಗ.

ಭಿನ್ನರಾಶಿ ಪಾಠವನ್ನೇ ತೆಗೆದುಕೊಳ್ಳಿ. 1/2 + 1/3 ಎಷ್ಟು ಎಂದು ಕೇಳಿದರೆ ಹಲವು ಮಕ್ಕಳು 2/5 ಎಂದು ಬರೆಯುತ್ತಾರೆ. ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಮುಂದೆ ಹೋಗುವುದು ಸುಲಭ. ಅದರ ಬದಲು ಆ ಮಗುವಿನ ಪಕ್ಕ ಕೂತು 'ಹೇಗೆ ಮಾಡ್ದೆ ಹೇಳು' ಎಂದು ಕೇಳಿ. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿದೆ ಅನ್ನಬಹುದು. ಅಂದರೆ ಆ ಮಗುವಿಗೆ 1/2 ಎನ್ನುವುದು ಒಂದು ಸಂಖ್ಯೆಯಲ್ಲ, ಒಂದರ ಮೇಲೊಂದು ಕೂತ ಎರಡು ಸಂಖ್ಯೆಗಳು. ಇನ್ನೊಂದು ಮಗು 'ಎರಡು ಪ್ರಶ್ನೆಯಲ್ಲಿ ಒಂದು ಸರಿ, ಮೂರರಲ್ಲಿ ಒಂದು ಸರಿ, ಒಟ್ಟು ಐದರಲ್ಲಿ ಎರಡು ಸರಿ ಅಲ್ವಾ ಟೀಚರ್?' ಎಂದು ಕೇಳಬಹುದು. ಈ ಮಗುವಿನ ಯೋಚನೆ ಎಷ್ಟು ಚೆನ್ನಾಗಿದೆ ನೋಡಿ! ಅಂಕ ಲೆಕ್ಕ ಹಾಕುವಾಗ ಅದು ಸರಿಯೇ. ಒಂದೇ ಕಾಗದದ ಪಟ್ಟಿಯ ಭಾಗಗಳನ್ನು ಕೂಡುವಾಗ ಮಾತ್ರ ಸರಿಹೋಗುವುದಿಲ್ಲ. ಕಾಗದದ ಪಟ್ಟಿ ಮಡಚಿಸಿ, ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಬರುತ್ತದಾ ಎಂದು ಕೇಳಿ. 2/5 ಅರ್ಧಕ್ಕಿಂತ ಕಡಿಮೆ ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಉತ್ತರ ಒಂದೇ, ಅದರ ಹಿಂದಿನ ಯೋಚನೆ ಬೇರೆಬೇರೆ. ಇದು ಗೊತ್ತಾದ ಟೀಚರ್ ಮಾರನೆಯ ದಿನ ಮಾಡುವ ಪಾಠವೇ ಬೇರೆ.

ಪ್ರತಿ ಮಗುವಿನ ಪಕ್ಕ ಕೂರಲು ಸಮಯ ಎಲ್ಲಿದೆ ಎನ್ನುತ್ತೀರಿ, ನಿಜ. ಪೀರಿಯಡ್ಡಿನ ಕೊನೆಯ ಐದು ನಿಮಿಷ ಒಂದೇ ಪ್ರಶ್ನೆ ಕೊಟ್ಟು ಚೀಟಿಯಲ್ಲಿ ಬರೆಸಿಕೊಳ್ಳಿ. ಅಂಕ ಹಾಕಬೇಡಿ. ಅರ್ಥವಾದವರು, ಅರ್ಧ ಅರ್ಥವಾದವರು, ದಾರಿ ತಪ್ಪಿದವರು ಎಂದು ಮೂರು ಭಾಗ ಮಾಡಿದರೆ ನಾಳೆಯ ಪಾಠ ಎಲ್ಲಿಂದ ಶುರುವಾಗಬೇಕು ಎಂದು ತಿಳಿಯುತ್ತದೆ. ರಾತ್ರಿಯ ತಯಾರಿಯೂ ಹಗುರವಾಗುತ್ತದೆ.

ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನೂ ರೂಢಿ ಮಾಡಿಕೊಳ್ಳಿ. ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಯ ಮಾತುಕತೆಯ ಧ್ವನಿಮುದ್ರಣಗಳನ್ನು ಅಳೆದು ನೋಡಿದರು. ಟೀಚರ್‌ಗಳು ಸಾಮಾನ್ಯವಾಗಿ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳೂ ಮಾತಾಡತೊಡಗಿದರು. ಬೋರ್ಡಿನ ಮುಂದೆ ನಿಂತಾಗ ಆ 3 ಸೆಕೆಂಡ್ ತುಂಬಾ ಜಾಸ್ತಿ ಅನ್ನಿಸುತ್ತದೆ. ಆದರೂ ತಡೆದುಕೊಳ್ಳಿ.

ಪಕ್ಕದ ತರಗತಿಯ ಟೀಚರನ್ನು ದೂರದಿಂದ ನೋಡಿ ಕೊರಗುವ ಬದಲು ಅವರ ಪಾಠಕ್ಕೆ ಹೋಗಿ ಕೂರಿ. ಅವರನ್ನೂ ನಿಮ್ಮ ಪಾಠಕ್ಕೆ ಕರೆಯಿರಿ. ಜಪಾನಿನಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಟೀಚರ್‌ಗಳು ಸೇರಿಕೊಂಡು ಒಂದೇ ಒಂದು ಪಾಠವನ್ನು ರೂಪಿಸುತ್ತಾರೆ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಮಕ್ಕಳನ್ನು ಗಮನಿಸುತ್ತಾರೆ, ಆಮೇಲೆ ಕೂತು ಚರ್ಚಿಸುತ್ತಾರೆ. ನೀವೂ ಬಂದವರಿಗೆ 'ನನ್ನ ಪಾಠ ಹೇಗಿತ್ತು' ಎಂದು ಕೇಳಬೇಡಿ. 'ಹಿಂದಿನ ಬೆಂಚಿನ ಮೂವರು ಏನು ಮಾಡ್ತಾರೆ, ಸ್ವಲ್ಪ ನೋಡಿ' ಎಂದು ಮೊದಲೇ ಹೇಳಿ. ಹಾಗೆ ಕೇಳಿದರೆ ಹೇಳುವವರಿಗೂ ಮುಜುಗರವಿಲ್ಲ, ನಿಮಗೂ ನೋವಿಲ್ಲ.

ಕೋರ್ಸಿನ ವಿಷಯಕ್ಕೆ ಬಂದರೆ, ಈಗಲೇ ಸೇರಬೇಡಿ ಎನ್ನುತ್ತೇನೆ. ಈ ವರ್ಷದ ಚೀಟಿಗಳನ್ನು ಎತ್ತಿಡಿ. ವರ್ಷದ ಕೊನೆಗೆ ಯಾವ ಪಾಠದಲ್ಲಿ ಮಕ್ಕಳು ಪದೇಪದೇ ಸಿಕ್ಕಿಕೊಂಡರು ಎಂದು ಅವುಗಳಲ್ಲೇ ಕಾಣುತ್ತದೆ. ಆ ಪಾಠವನ್ನು ಕಲಿಸುವುದು ಹೇಗೆ ಎಂದು ಹೇಳಿಕೊಡುವ ತರಬೇತಿ ಹುಡುಕಿ. ಚಿಕ್ಕದಾದರೂ ಪರವಾಗಿಲ್ಲ. ಹೆಸರಿನ ಮುಂದೆ ಇನ್ನೊಂದು ಪದವಿ ಸೇರಿಸಿಕೊಳ್ಳುವ ಯೋಚನೆಯನ್ನು ಅದಾದ ಮೇಲೆ ಮಾಡಿದರೆ ಸಾಕು.

– ಸಂಪಾದಕ