9,000 ಟ್ಯಾಲೆಂಟ್ ಬೆಳ್ಳಿಯಿಂದ ಶುರು ಮಾಡಿ

ನಮಸ್ಕಾರ.

ಪೆರ್ಗಮಾನ್ ಬಗ್ಗೆ ನೀವು ಕಳಿಸಿದ ಹದಿನಾಲ್ಕು ಪುಟದ ಲೇಖನವನ್ನು ಎರಡು ಸಲ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ, ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಎರಡು ಸಾಲು ಬರೆದು ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಟರ್ಕಿಯ ಪಶ್ಚಿಮದಲ್ಲಿ, ಇವತ್ತಿನ ಬೆರ್ಗಾಮಾ ಊರಿನ ಗುಡ್ಡದ ಮೇಲೆ ಸುಮಾರು ನೂರೈವತ್ತು ವರ್ಷ ನಡೆದ ಆ ಗ್ರೀಕ್ ದೊರೆತನದ ಕಥೆ ಕನ್ನಡದಲ್ಲಿ ಚೆನ್ನಾಗಿ ಬರಬೇಕು ಅಂತ ನನಗೂ ಆಸೆ. ನೀವು ಓದಿಕೊಂಡಿದ್ದೀರಿ, ಅದು ಕಾಣುತ್ತದೆ. ಓದಿದ್ದನ್ನೆಲ್ಲ ಒಂದೇ ಬುಟ್ಟಿಗೆ ಸುರಿದಿದ್ದೀರಿ, ತೊಂದರೆ ಇರುವುದು ಅಲ್ಲಿ.

"ಇತಿಹಾಸದ ಗರ್ಭದಲ್ಲಿ ಹುದುಗಿದ ವೈಭವದ ನಗರಿ" ಎಂದು ಶುರು ಮಾಡಿದ್ದೀರಿ. ಈ ಮಾತು ಹಂಪಿಗೂ ಒಪ್ಪುತ್ತದೆ, ಟ್ರಾಯ್‌ಗೂ ಒಪ್ಪುತ್ತದೆ. ಹಾಗಾಗಿ ಪೆರ್ಗಮಾನ್ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಮೊದಲ ಮೂರು ಪುಟದಲ್ಲಿ "ಭವ್ಯ" ಎಂಬ ಪದ ಹನ್ನೊಂದು ಸಲ ಬಂದಿದೆ. ಮನುಷ್ಯ ಒಬ್ಬನೂ ಬಂದಿಲ್ಲ. ನಾಲ್ಕನೇ ಪುಟದ ಕೊನೆಯಲ್ಲಿ "ಫಿಲಿಟೇರಸ್ ಎಂಬ ಅಧಿಕಾರಿ ಈ ವಂಶದ ಮೂಲಪುರುಷ" ಎಂದು ಒಂದೇ ಸಾಲು ಹೇಳಿ ಮುಂದೆ ಹೋಗಿದ್ದೀರಿ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ.

ಆ ಮನುಷ್ಯನನ್ನು ಸ್ವಲ್ಪ ನೋಡಿ. ಅಲೆಕ್ಸಾಂಡರ್ ಸತ್ತ ಮೇಲೆ ಅವನ ಸೇನಾಪತಿಗಳು ರಾಜ್ಯ ಹಂಚಿಕೊಂಡರು. ಅವರಲ್ಲಿ ಒಬ್ಬ ಲೈಸಿಮೇಕಸ್. ಅವನು ತನ್ನ 9,000 ಟ್ಯಾಲೆಂಟ್ ಸಂಪತ್ತನ್ನು ಪೆರ್ಗಮಾನ್ ಕೋಟೆಯಲ್ಲಿಟ್ಟು, ಕಾಯಲು ಫಿಲಿಟೇರಸ್‌ನನ್ನು ನೇಮಿಸಿದ. ಒಂದು ಟ್ಯಾಲೆಂಟ್ ಅಂದರೆ ಸುಮಾರು 26 ಕಿಲೋ ಬೆಳ್ಳಿ. ಲೆಕ್ಕ ಹಾಕಿ, ಇನ್ನೂರು ಟನ್ನಿಗಿಂತ ಜಾಸ್ತಿ ಆಗುತ್ತದೆ. ಕಾಯುವವನು ನಪುಂಸಕ. ಮಗುವಾಗಿದ್ದಾಗ ಒಂದು ಶವಸಂಸ್ಕಾರದ ಜನಜಂಗುಳಿಯಲ್ಲಿ ದಾದಿಯ ತೋಳಲ್ಲೇ ನಜ್ಜಿಹೋಗಿ ಹಾಗಾಯಿತು ಎಂದು ಹಳೇ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಮಕ್ಕಳಾಗದ ಮನುಷ್ಯ ತನಗೆ ಅಂತ ರಾಜ್ಯ ಕಟ್ಟುವುದಿಲ್ಲ ಅಂತ ದೊರೆ ಅಂದುಕೊಂಡಿದ್ದನೋ ಏನೋ. ಕ್ರಿ.ಪೂ. 282ರಲ್ಲಿ ಫಿಲಿಟೇರಸ್ ಕೋಟೆಯನ್ನೂ ದುಡ್ಡನ್ನೂ ಹಿಡಿದುಕೊಂಡು ಲೈಸಿಮೇಕಸ್‌ನ ವೈರಿ ಸೆಲ್ಯೂಕಸ್ ಕಡೆ ವಾಲಿದ. ಮುಂದಿನ ವರ್ಷ ಲೈಸಿಮೇಕಸ್ ಯುದ್ಧದಲ್ಲಿ ಸತ್ತ, ಸೆಲ್ಯೂಕಸ್ ಕೊಲೆಯಾದ. ಬೆಳ್ಳಿ ಮಾತ್ರ ಗುಡ್ಡದ ಮೇಲೆ ಉಳಿಯಿತು. ಫಿಲಿಟೇರಸ್ ತನ್ನ ಸಹೋದರನ ಮಗನನ್ನು ದತ್ತು ತೆಗೆದುಕೊಂಡ.

ಇದನ್ನು ಮೊದಲ ಪ್ಯಾರಾದಲ್ಲಿ ಕೊಟ್ಟರೆ ಓದುಗ ಪುಟ ತಿರುಗಿಸದೆ ಇರುತ್ತಾನಾ?

ಇಡೀ ಲೇಖನಕ್ಕೆ ಬೇಕಾದ ಎಳೆಯೂ ಇಲ್ಲೇ ಇದೆ. ಆಸ್ತಿ ಯಾರದು, ಯಾರ ಕೈಗೆ ಹೋಗುತ್ತದೆ ಎನ್ನುವುದು ಆ ಎಳೆ. ಬೇರೆಯವರ ದುಡ್ಡು ಕಾದವನಿಂದ ಶುರುವಾದ ಮನೆ, ಕೊನೆಗೆ ಒಂದು ಉಯಿಲಿನಿಂದ ಮುಗಿಯಿತು. ನಡುವೆ ಬರುವ ಗ್ರಂಥಾಲಯ, ಬಲಿಪೀಠ, ನಾಟಕಶಾಲೆ ಎಲ್ಲವನ್ನೂ ಈ ಎಳೆಗೆ ಪೋಣಿಸಿ. ಹಳೇ ವಂಶದ ಹೆಸರು ಇಲ್ಲದ ಮನೆಯವರು ಇವರು. ಹೆಸರು ಸಂಪಾದಿಸಬೇಕಿತ್ತು. ಒಂದನೇ ಅಟ್ಟಾಲಸ್, ಗಲೇಷಿಯನ್ನರು ಎಂಬ ಕೆಲ್ಟ್ ಜನರಿಗೆ ಕಪ್ಪ ಕೊಡಲು ಒಪ್ಪದೆ, ಯುದ್ಧದಲ್ಲಿ ಅವರನ್ನು ಸೋಲಿಸಿದ ಮೇಲೆಯೇ "ರಾಜ" ಎಂಬ ಬಿರುದು ಇಟ್ಟುಕೊಂಡದ್ದು. ಅಲ್ಲಿಯವರೆಗೆ ಈ ಮನೆಯಲ್ಲಿ ರಾಜರೇ ಇರಲಿಲ್ಲ. ನೀವು ಮೊದಲ ಪುಟದಿಂದಲೇ ಎಲ್ಲರನ್ನೂ "ಮಹಾರಾಜ" ಅಂದಿದ್ದೀರಿ, ತಿದ್ದಿ.

ನನಗೆ ಅತಿ ಹೆಚ್ಚು ಬೇಸರವಾದದ್ದು ಒಂಬತ್ತನೇ ಪುಟದಲ್ಲಿ. "ಅಣ್ಣತಮ್ಮಂದಿರ ನಡುವೆ ಅನ್ಯೋನ್ಯತೆ ಇತ್ತು" ಎಂದು ಬರೆದು ಬಿಟ್ಟಿದ್ದೀರಿ. ಅಯ್ಯೋ, ಅಲ್ಲಿ ಎಂಥ ಕಥೆ ಇದೆ! ಕ್ರಿ.ಪೂ. 172. ಪೆರ್ಗಮಾನ್ ರಾಜ ಎರಡನೇ ಯೂಮಿನೀಸ್, ಗ್ರೀಸಿನ ದೇಗುಲದ ಊರು ದೆಲ್ಫಿಗೆ ಹತ್ತಿ ಹೋಗುತ್ತಿದ್ದಾನೆ. ದಾರಿ ಕಿರಿದಾಗುವ ಕಡೆ, ಗೋಡೆಯ ಹಿಂದೆ ಬಚ್ಚಿಟ್ಟುಕೊಂಡವರು ಎರಡು ದೊಡ್ಡ ಕಲ್ಲು ಉರುಳಿಸುತ್ತಾರೆ. ಒಂದು ತಲೆಗೆ ಬೀಳುತ್ತದೆ, ಒಂದು ಭುಜಕ್ಕೆ. ರಾಜ ಸತ್ತ ಅಂತ ಊರಿಗೆ ಸುದ್ದಿ ಮುಟ್ಟುತ್ತದೆ. ತಮ್ಮ ಅಟ್ಟಾಲಸ್ ಕಿರೀಟ ಇಟ್ಟುಕೊಳ್ಳುತ್ತಾನೆ, ಅತ್ತಿಗೆ ಸ್ಟ್ರಾಟೊನೀಸ್‌ಳನ್ನು ಮದುವೆಯಾಗುತ್ತಾನೆ. ಆಮೇಲೆ ಅಣ್ಣ ಬದುಕಿದ್ದಾನೆ, ಬರುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ತಮ್ಮ ಕಿರೀಟ ತೆಗೆದಿಟ್ಟು, ಭರ್ಜಿ ಹಿಡಿದು, ಕಾವಲುಗಾರರ ಸಾಲಿನಲ್ಲಿ ನಿಂತು ಅವನನ್ನು ಎದುರುಗೊಳ್ಳುತ್ತಾನೆ. ನಾನು ಸತ್ತದ್ದನ್ನು ಕಣ್ಣಾರೆ ನೋಡುವ ತನಕ ಮದುವೆಗೆ ಆತುರಪಡಬೇಡ ಅಂತ ಅಣ್ಣ ಕಿವಿಯಲ್ಲಿ ಹೇಳಿದನಂತೆ. ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿರುವುದು ಹೀಗೆ. ಯೂಮಿನೀಸ್ ನಿಜವಾಗಿ ಸತ್ತಾಗ ಹೆಂಡತಿಯನ್ನೂ ರಾಜ್ಯವನ್ನೂ ತಮ್ಮನ ಕೈಗೇ ಒಪ್ಪಿಸಿದ. ತಮ್ಮ ಇಪ್ಪತ್ತು ವರ್ಷ ಆಳಿ, ಅದನ್ನು ಅಣ್ಣನ ಮಗನಿಗೆ ಬಿಟ್ಟುಹೋದ. ಅಕ್ಕಪಕ್ಕದ ಗ್ರೀಕ್ ಅರಮನೆಗಳಲ್ಲಿ ಸಿಂಹಾಸನಕ್ಕಾಗಿ ಒಡಹುಟ್ಟಿದವರನ್ನೇ ಕೊಲ್ಲುತ್ತಿದ್ದ ಕಾಲ ಅದು. ಇದಕ್ಕೆ ಎರಡು ಪುಟ ಕೊಡಿ. ಬಲಿಪೀಠದ ಅಳತೆಗೆ ಕೊಟ್ಟ ಎರಡು ಪುಟವನ್ನು ಅರ್ಧ ಪುಟ ಮಾಡಿದರೆ ಜಾಗ ಸಿಗುತ್ತದೆ.

ಆ ಬಲಿಪೀಠದಲ್ಲಿ ಒಂದು ತಪ್ಪೂ ಇದೆ. ಅದು "ಇಂದಿಗೂ ಗುಡ್ಡದ ಮೇಲೆ ನಿಂತಿದೆ" ಎಂದಿದ್ದೀರಿ. ಗುಡ್ಡದಲ್ಲಿ ಉಳಿದಿರುವುದು ಅಡಿಪಾಯ ಮತ್ತು ಒಂದೆರಡು ಮರ. ದೇವತೆಗಳೂ ದೈತ್ಯರೂ ಕಾದಾಡುವ ಆ ಶಿಲ್ಪದ ಸಾಲು ಬರ್ಲಿನ್‌ನಲ್ಲಿದೆ. ರಸ್ತೆ ಕಟ್ಟಿಸಲು ಬಂದಿದ್ದ ಜರ್ಮನ್ ಎಂಜಿನಿಯರ್ ಕಾರ್ಲ್ ಹೂಮನ್ 1878ರಲ್ಲಿ ಅಗೆಯಲು ಶುರು ಮಾಡಿದ. ಅದಕ್ಕೂ ಮೊದಲು ಅಲ್ಲಿನ ಅಮೃತಶಿಲೆಯನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು.

ಈಗ ನಿಮಗೆ ಇಷ್ಟವಾದ ಗ್ರಂಥಾಲಯ. "ಎರಡು ಲಕ್ಷ ಪುಸ್ತಕಗಳನ್ನು ಆಂಟನಿ ಕ್ಲಿಯೋಪಾತ್ರಳಿಗೆ ಉಡುಗೊರೆ ಕೊಟ್ಟ" ಎಂದು ಖಚಿತವಾಗಿ ಬರೆದಿದ್ದೀರಿ. ಎರಡು ಲಕ್ಷ ಎಂಬ ಲೆಕ್ಕ ಬರುವುದೂ ಪ್ಲೂಟಾರ್ಕ್‌ನಿಂದಲೇ. ಆದರೆ ಅವನು ಅದನ್ನು ಆಂಟನಿಯ ವಿರೋಧಿಯೊಬ್ಬ ಹೊರಿಸಿದ ಆರೋಪ ಎಂದು ಹೇಳುತ್ತಾನೆ. ಆ ಆರೋಪಗಳಲ್ಲಿ ಹೆಚ್ಚಿನವು ಕಟ್ಟುಕಥೆ ಎಂದು ಜನ ಅಂದುಕೊಂಡಿದ್ದರು ಎಂದೂ ಸೇರಿಸುತ್ತಾನೆ. ನೀವು ಆ ಕೊನೆಯ ಮಾತನ್ನು ಬಿಟ್ಟಿದ್ದೀರಿ. ದಯವಿಟ್ಟು ಬಿಡಬೇಡಿ. ಯಾರು ಹೇಳಿದರು, ಯಾಕೆ ಹೇಳಿದರು ಅಂತ ಬರೆದರೆ ಕಥೆಯ ರುಚಿ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಚರ್ಮದ ಹಾಳೆಯ ವಿಷಯವೂ ಹಾಗೇ. ಈಜಿಪ್ಟ್ ಪಪೈರಸ್ ರಫ್ತು ನಿಲ್ಲಿಸಿದ್ದಕ್ಕೆ ಪೆರ್ಗಮಾನ್‌ನಲ್ಲಿ ಅದನ್ನು ಕಂಡುಹಿಡಿದರು ಎನ್ನುವುದು ರೋಮನ್ ಲೇಖಕ ಪ್ಲಿನಿ ಕೊಟ್ಟ ಕಥೆ. ಆದರೆ ಅದಕ್ಕೂ ಇನ್ನೂರು ವರ್ಷಕ್ಕೂ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಅಯೋನಿಯದ ಗ್ರೀಕರು ಆಡು ಕುರಿಗಳ ಚರ್ಮದ ಮೇಲೆ ಬರೆಯುತ್ತಿದ್ದರು ಎಂದು ಹೇಳಿದ್ದಾನೆ. ಪೆರ್ಗಮಾನ್ ತನ್ನ ಹೆಸರನ್ನು ಆ ಹಾಳೆಗೆ ಕೊಟ್ಟಿತು, ಪಾರ್ಚ್‌ಮೆಂಟ್ ಎಂಬ ಪದ ಹುಟ್ಟಿದ್ದು ಹಾಗೆ. ಅಷ್ಟು ಬರೆದರೆ ಸಾಕು, ಅಷ್ಟೂ ನಿಜ.

ಹನ್ನೆರಡನೇ ಪುಟದಲ್ಲಿ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಇವೆ ಎನ್ನುವ ಕನ್ನಡ ಪದಗಳ ಚರ್ಚೆ ತಂದಿದ್ದೀರಿ. ಕನ್ನಡ ಓದುಗರಿಗೆ ಇಷ್ಟವಾಗಲಿ ಅಂತ ಇರಬೇಕು. ಆ ಹಾಳೆ ಸಿಕ್ಕಿದ್ದು ಈಜಿಪ್ಟಿನಲ್ಲಿ, ಅದು ರೋಮನ್ನರ ಕಾಲದ್ದು, ಅದರಲ್ಲಿರುವುದು ಕನ್ನಡವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವೂ ಇಲ್ಲ. ಪೆರ್ಗಮಾನ್‌ಗೂ ಅದಕ್ಕೂ ಸಂಬಂಧವಿಲ್ಲ, ತೆಗೆದುಬಿಡಿ. ನಮ್ಮ ಓದುಗರಿಗೆ ಹತ್ತಿರವಾಗುವ ವಿಷಯ ಬೇಕಿದ್ದರೆ ನೀರಿನ ಬಗ್ಗೆ ಬರೆಯಿರಿ. ಮದ್ರಾ ಬೆಟ್ಟದಿಂದ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ ಮಣ್ಣಿನ ಕೊಳವೆಗಳಲ್ಲಿ ನೀರು ತಂದರು. ಕೋಟೆಯ ಮುಂದೆ ಕಣಿವೆ. ಸೇತುವೆ ಕಟ್ಟದೆ, ಮುಚ್ಚಿದ ಕೊಳವೆಯಲ್ಲಿ ನೀರನ್ನು ಕಣಿವೆಗೆ ಇಳಿಸಿ, ಅದರ ಒತ್ತಡದಿಂದಲೇ ಗುಡ್ಡ ಹತ್ತಿಸಿದರು. ಕೊಳವೆ ಈಗಿಲ್ಲ. ಅದನ್ನು ಹಿಡಿದಿಟ್ಟಿದ್ದ ತೂತಿನ ಕಲ್ಲುಗಳು ಇವೆ.

ಅದೇ ಊರಿನ ಒಂದು ಶಾಸನವೂ ಇದೆ, ಬೀದಿ ಮತ್ತು ನೀರಿನ ಮೇಲ್ವಿಚಾರಕರಿಗೆ ರಾಜರ ಕಾಲದಲ್ಲಿ ಮಾಡಿದ ಕಾನೂನು. ಸಾರ್ವಜನಿಕ ನೀರಿನ ತೊಟ್ಟಿಯಲ್ಲಿ ದನಕರುಗಳಿಗೆ ನೀರು ಕುಡಿಸಬಾರದು, ಬಟ್ಟೆ ಒಗೆಯಬಾರದು, ಪಾತ್ರೆ ತೊಳೆಯಬಾರದು, ಮಾಡಿದರೆ ದಂಡ. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ. ಕಾನೂನು ಬಂತು ಅಂದರೆ ಯಾರೋ ತೊಳೆಯುತ್ತಿದ್ದರು ಅಂತಲೇ ಅರ್ಥ ಅಲ್ವಾ? ಹೆಸರು ಗೊತ್ತಿಲ್ಲದ ಆ ಜನ ನಿಮ್ಮ ಪುಟಗಳಲ್ಲಿ ಬರಬೇಕು.

ಕೊನೆಯ ಭಾಗದಲ್ಲಿ "ರೋಮನ್ನರು ಪೆರ್ಗಮಾನ್ ಗೆದ್ದರು" ಎಂದಿದೆ. ಗೆಲ್ಲಲಿಲ್ಲ. ಕ್ರಿ.ಪೂ. 133ರಲ್ಲಿ ಮೂರನೇ ಅಟ್ಟಾಲಸ್ ಮಕ್ಕಳಿಲ್ಲದೆ ಸತ್ತ, ರಾಜ್ಯವನ್ನು ರೋಮ್‌ಗೆ ಬರೆದಿಟ್ಟಿದ್ದ. ಊರಿನವರು ರೋಮ್‌ನ ಒಪ್ಪಿಗೆಗೂ ಕಾಯದೆ, ಅಲ್ಲಿದ್ದ ಹೊರಗಿನವರಿಗೆ, ಸೈನಿಕರಿಗೆ ಪೌರತ್ವ ಕೊಟ್ಟು ನಿರ್ಣಯ ಮಾಡಿದರು. ಅತ್ತ ರೋಮ್‌ನಲ್ಲಿ ಟೈಬೀರಿಯಸ್ ಗ್ರಾಕಸ್ ಎಂಬ ಜನನಾಯಕ, ಆ ದುಡ್ಡನ್ನು ತನ್ನ ಕಾನೂನಿನಿಂದ ಭೂಮಿ ಪಡೆದ ಬಡವರಿಗೆ ಹಂಚೋಣ ಎಂದ. ಇತ್ತ ಅರಿಸ್ಟೊನಿಕಸ್, ತಾನೂ ರಾಜವಂಶದವನು ಅಂತ ಗುಲಾಮರನ್ನೂ ಬಡವರನ್ನೂ ಸೇರಿಸಿಕೊಂಡು ಬಂಡೆದ್ದ. ಸತ್ತವನೊಬ್ಬನ ಆಸ್ತಿಗೆ ಮೂರು ಕಡೆಯಿಂದ ಕೈಗಳು ಚಾಚಿದವು. ಲೇಖನ ಇಲ್ಲಿಗೆ ನಿಲ್ಲಲಿ. ಆಮೇಲೆ ಬರುವ "ಕಾಲಚಕ್ರ ಉರುಳಿತು" ಪ್ಯಾರಾ ಬೇಡ.

ಇಡೀ ಲೇಖನವನ್ನು ಒಂದೇ ಸಲ ತಿದ್ದಲು ಹೋಗಬೇಡಿ. ದೆಲ್ಫಿಯ ದಾರಿಯ ಪ್ರಸಂಗ ಮತ್ತು ತಮ್ಮ ಕಿರೀಟ ತೆಗೆದಿಟ್ಟ ದಿನ, ಇವೆರಡನ್ನು ಮಾತ್ರ ಮೊದಲು ಬರೆದು ನನಗೆ ಕಳಿಸಿ. ಎರಡು ಪುಟ ಸಾಕು. "ಭವ್ಯ" ಎಂಬ ಪದ ಒಂದು ಸಲವೂ ಬೇಡ. ಓದಿ ಒಂದು ವಾರದೊಳಗೆ ಉತ್ತರಿಸುತ್ತೇನೆ.