ಪ್ರತಿಕ್ರಿಯೆ: ಬೈರಾ ಬಂದರಿನಲ್ಲಿ ನಿಂತಿರುವ ಲಸಿಕೆ ಫ್ರಿಜ್‌ಗಳು
ಲಸಿಕೆ ಫ್ರಿಜ್‌ಗಳು ಬಂದರಿನಲ್ಲಿ ಸಿಕ್ಕಿಕೊಂಡಿವೆ, ಪೂರೈಕೆದಾರರಿಗೆ ಖಾರವಾದ ಪತ್ರ ಬರೆದಿಟ್ಟಿದ್ದೇನೆ, ತಡವಾದುದಕ್ಕೆ ಬೀಳುವ ದಂಡವನ್ನು ಅನುದಾನದ ಹಣದಿಂದ ಕಟ್ಟಬಹುದೇ ಎಂದು ನೀವು ಕೇಳಿದ್ದೀರಿ. ಮುಂಬೈ ಬಳಿಯ ನವಶೇವಾ ಬಂದರಿನಿಂದ ಮಲಾವಿಗೆ ಹೊರಟ ನಿಮ್ಮ ಸೌರ ಫ್ರಿಜ್‌ಗಳು ಮೊಜಾಂಬಿಕ್‌ನ ಬೈರಾದಲ್ಲಿ ಸಿಕ್ಕಿಕೊಳ್ಳಲು ಕಾರಣ ಬಹುಶಃ ಹಡಗು ಕಂಪನಿಯಲ್ಲ, ಖರೀದಿ ಆದೇಶದಲ್ಲಿ ನೀವೇ ತಿಳಿಸಿರುವ ‘ಸಿಐಪಿ ಬೈರಾ’ ಎಂಬ ಷರತ್ತು. ಅಂತರರಾಷ್ಟ್ರೀಯ ವ್ಯಾಪಾರ ಷರತ್ತುಗಳ ನಿಯಮಾವಳಿಯಾದ ಇನ್‌ಕೋಟರ್ಮ್ಸ್ 2020ರ ಪ್ರಕಾರ ಇದರಲ್ಲಿ ಮಾರಾಟಗಾರರು ಹೆಸರಿಸಿದ ಸ್ಥಳದವರೆಗಿನ ಸಾಗಣೆ ಮತ್ತು ವಿಮೆಯ ವೆಚ್ಚವನ್ನು ಭರಿಸುತ್ತಾರೆ. ನಡುವಿನ ದೇಶದ ಹಾಗೂ ಆಮದು ದೇಶದ ಕಸ್ಟಮ್ಸ್ ವಿಧಿಗಳೆಲ್ಲ ಖರೀದಿದಾರರ, ಅಂದರೆ ನಿಮ್ಮ ಯೋಜನಾ ಕಚೇರಿಯ, ಹೊಣೆ. ಪೂರೈಕೆದಾರರಿಗೆ ಬರೆದಿಟ್ಟಿರುವ ಖಾರವಾದ ಪತ್ರವನ್ನು ಸದ್ಯಕ್ಕೆ ಬದಿಗಿಡಿ.

ಮೊದಲು ಹಡಗು ಕಂಪನಿ ಕೊಡುವ ಸರಕಿನ ದಾಖಲೆಯಾದ ಬಿಲ್ ಆಫ್ ಲೇಡಿಂಗ್‌ನಲ್ಲಿರುವ ಸರಕು ಪಡೆಯುವವರ ಹೆಸರನ್ನು ಸುಂಕ ವಿನಾಯಿತಿ ಪತ್ರದಲ್ಲಿರುವ ಹೆಸರಿನೊಂದಿಗೆ ಅಕ್ಷರಶಃ ಹೋಲಿಸಿ ನೋಡಿ. ಒಂದರಲ್ಲಿ ಸಚಿವಾಲಯದ ಹೆಸರೂ ಇನ್ನೊಂದರಲ್ಲಿ ಸಂಸ್ಥೆಯ ಹೆಸರೂ ಇದ್ದ ಒಂದೇ ಕಾರಣಕ್ಕೆ ನನ್ನ ಸರಕು 19 ದಿನ ಅಲ್ಲಾಡಲಿಲ್ಲ. ವ್ಯತ್ಯಾಸ ಕಂಡರೆ, ತಿದ್ದುಪಡಿಗೆ ಹಡಗು ಕಂಪನಿಯನ್ನು ಕೇಳುವಂತೆ ಸರಕು ಕಳುಹಿಸಿದವರಿಗೆ ತಿಳಿಸಿ. ಬಳಿಕ ಬೈರಾ ಮತ್ತು ಮಲಾವಿಯ ರಾಜಧಾನಿ ಲಿಲಾಂಗ್ವೆ ಎರಡೂ ಕಡೆ ಕೆಲಸ ಮಾಡಬಲ್ಲ, ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಒಬ್ಬರೇ ಕ್ಲಿಯರಿಂಗ್ ಏಜೆಂಟರಿಗೆ ಅಧಿಕಾರ ಪತ್ರ ಕೊಟ್ಟು ಟ್ರಾನ್ಸಿಟ್ ಬಾಂಡ್ (ಸರಕು ನಡುವಿನ ದೇಶವನ್ನು ದಾಟಿ ಹೋಗಲು ಕಸ್ಟಮ್ಸ್‌ಗೆ ಕೊಡುವ ಖಾತರಿ) ಮಾಡಿಸಿ.

ಅದೇ ದಿನ ಉಚಿತ ದಿನಗಳ, ಅಂದರೆ ಶುಲ್ಕವಿಲ್ಲದೆ ಕಂಟೈನರ್ ಇಟ್ಟುಕೊಳ್ಳಬಹುದಾದ ದಿನಗಳ, ವಿಸ್ತರಣೆಯನ್ನೂ ಹಡಗು ಕಂಪನಿಯಿಂದ ಕೋರಿ. ಸಿಕ್ಕೇ ಸಿಗುತ್ತದೆಂಬ ಖಾತರಿಯಿಲ್ಲ, ಆದರೆ ಕೇಳುವಾಗ ಕಂಟೈನರ್ ಬಂದರಿನೊಳಗೆ ಹೆಚ್ಚು ದಿನ ನಿಂತರೆ ಬೀಳುವ ಡೆಮರೇಜ್ ಶುಲ್ಕಕ್ಕೆ ಮಾತ್ರವಲ್ಲದೆ, ಖಾಲಿ ಕಂಟೈನರ್ ತಡವಾಗಿ ಮರಳಿದಾಗ ಬೀಳುವ ಡಿಟೆನ್ಷನ್‌ಗೂ ಸೇರಿಸಿಯೇ ಕೇಳಬೇಕು. ಸಮುದ್ರವಿಲ್ಲದ ಮಲಾವಿಗೆ ಹೋಗಿ ಬರುವ ಲಾರಿಗೆ ಈ ಎರಡನೆಯದೇ ಭಾರ. ದಂಡವನ್ನು ಅನುದಾನದ ಹಣದಿಂದ ಕಟ್ಟಬಹುದೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಅನುದಾನದ ಒಪ್ಪಂದವನ್ನು ಅವಲಂಬಿಸಿದೆ. ಆದ್ದರಿಂದ ಪಾವತಿಗೆ ಮುನ್ನವೇ ದಾನಿ ಸಂಸ್ಥೆಯಿಂದ ಲಿಖಿತ ಒಪ್ಪಿಗೆ ಪಡೆಯಿರಿ.

ಮುಂದಿನ ಆದೇಶದಲ್ಲಿ ‘ಡಿಎಪಿ ಲಿಲಾಂಗ್ವೆ’ (ಮಾರಾಟಗಾರರೇ ಲಿಲಾಂಗ್ವೆವರೆಗೆ ತಲುಪಿಸುವ ಷರತ್ತು) ಎಂದು ನಮೂದಿಸಿದರೆ ಟ್ರಾನ್ಸಿಟ್ ಹೊಣೆ ಮಾರಾಟಗಾರರದಾಗುತ್ತದೆ. ಆಮದು ವಿನಾಯಿತಿ ಪತ್ರ ಆಗಲೂ ನಿಮ್ಮದೇ ಕೆಲಸ.