ಹೋಗದ ಊರಿನ ದಾರಿ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದು ನನ್ನ ಮೇಜಿನಿಂದ ಆಚೆ ಹೋಗಲೇ ಇಲ್ಲ. ಅದರ ಮುಖ್ಯ ಭಾಗ ಹೀಗಿದೆ:

"ಸಂಪಾದಕರೇ, ನನಗೊಂದು ಚಟವಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂತು ಪ್ರವಾಸದ ಪ್ಲಾನ್ ಹಾಕುತ್ತೇನೆ. ನಕ್ಷೆ ನೋಡುತ್ತೇನೆ, ರೈಲಿನ ಸಮಯ ಹುಡುಕುತ್ತೇನೆ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಏಳು ನೋಟ್‌ಬುಕ್ ತುಂಬಿವೆ. ನಿಜವಾಗಿ ಹೋಗಿ ಬಂದದ್ದು ಎರಡೇ ಸಲ. ಈಚೆಗೆ ಎರಡು ತಿಂಗಳು ಮಾಸ್ಕೋದಿಂದ ವ್ಲಾಡಿವೋಸ್ಟಾಕ್‌ಗೆ ಹೋಗುವ ರೈಲಿನ ಹಿಂದೆ ಬಿದ್ದಿದ್ದೆ. ನನ್ನ ಹತ್ತಿರ ಪಾಸ್‌ಪೋರ್ಟೇ ಇಲ್ಲ! 'ಹೋಗದ ಊರಿಗೆ ದಾರಿ ಯಾಕೆ ಕೇಳ್ತೀಯ?' ಅಂತ ನಮ್ಮ ಮನೆಯವರು ನಗುತ್ತಾರೆ. ನಾನು ಸುಮ್ನೆ ಸಮಯ ಹಾಳು ಮಾಡುತ್ತಿದ್ದೇನಾ? ದಯವಿಟ್ಟು ಹೆಸರು ಹಾಕಬೇಡಿ."

ಹೆಸರು ಹಾಕಿಲ್ಲ. ಆದರೆ ನಿಮ್ಮನ್ನು ಸರಿದಾರಿಗೆ ತರುವ ಬುದ್ಧಿಮಾತು ನನ್ನಿಂದ ಸಿಗುತ್ತದೆ ಅಂದುಕೊಂಡಿದ್ದರೆ ತಪ್ಪು ವಿಳಾಸಕ್ಕೆ ಬರೆದಿದ್ದೀರಿ. ನನಗೂ ಅದೇ ಚಟ. ನೋಟ್‌ಬುಕ್ ಲೆಕ್ಕದಲ್ಲಿ ಮಾತ್ರ ನಿಮಗಿಂತ ಹಿಂದಿದ್ದೇನೆ.

ನಿಮ್ಮ ಮನೆಯವರಿಗೆ ಒಂದು ವಿಷಯ ಹೇಳಿ. ನೆದರ್ಲ್ಯಾಂಡ್ಸ್‌ನಲ್ಲಿ 1,530 ಜನರನ್ನು ಕೇಳಿ ಮಾಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ರಜೆಗೆ ಹೊರಡಲಿದ್ದವರು ಹೊರಡುವ ಮೊದಲು ಉಳಿದವರಿಗಿಂತ ಜಾಸ್ತಿ ಖುಷಿಯಾಗಿದ್ದರು. ವಾಪಸ್ ಬಂದ ಮೇಲೆ? ಬಹುತೇಕರಲ್ಲಿ ಅಂಥ ವ್ಯತ್ಯಾಸವೇನೂ ಉಳಿದಿರಲಿಲ್ಲ. ಪ್ರವಾಸ ತುಂಬಾ ನಿರಾಳವಾಗಿತ್ತು ಎಂದವರಲ್ಲಿ ಮಾತ್ರ ಸ್ವಲ್ಪ ದಿನ ಉಳಿದಿತ್ತು. ಆದರೆ ಅವರೆಲ್ಲ ನಿಜವಾಗಿ ಹೊರಟವರು, ನೀವು ಹೊರಡದವರು. ಆದ್ದರಿಂದ ಈ ಅಧ್ಯಯನ ನಿಮ್ಮ ಪರ ಅರ್ಧ ಸಾಕ್ಷಿ ಮಾತ್ರ. ಉಳಿದರ್ಧಕ್ಕೆ ನಾನೇ ನಿಲ್ಲುತ್ತೇನೆ.

ಪ್ಲಾನ್ ಹಾಕುವುದನ್ನು ಪ್ರವಾಸದ ಮುಂಗಡ ಅಂತ ಎಲ್ಲರೂ ತಿಳಿಯುತ್ತಾರೆ. ಹೋಗದಿದ್ದರೆ ಮುಂಗಡ ಮುಳುಗಿತು ಅನ್ನುವ ಲೆಕ್ಕ ಅವರದು. ನನಗೆ ಹಾಗನಿಸುವುದಿಲ್ಲ. ಉದಾಹರಣೆಗೆ ಫ್ರಾನ್ಸಿನ ಮೋಂ ಸೇಂ ಮಿಷೆಲ್ ತಗೊಳ್ಳಿ. ಸಮುದ್ರದಂಚಿನ ಬಂಡೆಗುಡ್ಡ, ಅದರ ನೆತ್ತಿಯಲ್ಲಿ ಮಠ. ದೊಡ್ಡ ಉಬ್ಬರ ಬಂದ ದಿನ ಸುತ್ತ ನೀರು ತುಂಬಿ ಗುಡ್ಡ ದ್ವೀಪವಾಗುತ್ತದೆ. ಉಳಿದ ದಿನ ಕಣ್ಣಿಗೆ ಕಾಣುವಷ್ಟೂ ಮರಳು. ದ್ವೀಪವಾಗಿಯೇ ನೋಡಬೇಕೆಂದರೆ ಯಾವತ್ತು ಹೋಗಬೇಕು? ಈ ಒಂದು ಪ್ರಶ್ನೆ ಇಟ್ಟುಕೊಂಡು ಒಂದು ಸಂಜೆ ಕೂತೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ಉಬ್ಬರ ಜೋರು ಅಂತ ಗೊತ್ತಾಯಿತು. ಅದರಲ್ಲೂ ಹಗಲು ರಾತ್ರಿ ಸಮ ಇರುವ ಮಾರ್ಚ್, ಸೆಪ್ಟೆಂಬರಿನ ಸುಮಾರಿಗೆ ಎಲ್ಲಕ್ಕಿಂತ ಜೋರು. ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಸುಮಾರು 14 ಮೀಟರ್ ಅಂತರ ಇರುವ ದಿನಗಳೂ ಇವೆಯಂತೆ. ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಹುಣ್ಣಿಮೆಗಳಿಗೆ ಸುತ್ತು ಹಾಕಿದೆ. ಅಲ್ಲಿಗೆ ನಾನು ಇವತ್ತಿಗೂ ಹೋಗಿಲ್ಲ. ಆದರೆ ಅವತ್ತಿನಿಂದ ಹುಣ್ಣಿಮೆಯ ಚಂದ್ರ ಕಂಡಾಗಲೆಲ್ಲ, ನಾಳೆ ನಾಡಿದ್ದರಲ್ಲಿ ಅಲ್ಲಿ ನೀರು ಏರುತ್ತದೆ ಅಂತ ನೆನಪಾಗುತ್ತದೆ. ಇದರಲ್ಲಿ ಮುಳುಗಿದ್ದು ಏನು, ಹೇಳಿ?

ನಿಮ್ಮ ರಷ್ಯಾದ ರೈಲಿನ ವಿಷಯಕ್ಕೆ ಬರೋಣ. ನಿಮ್ಮ ಪತ್ರ ಓದಿ ನಾನೂ ಎರಡು ರಾತ್ರಿ ಅದರ ಹಿಂದೆಯೇ ಬಿದ್ದೆ. 9,289 ಕಿಲೋಮೀಟರ್, ಹೆಚ್ಚುಕಮ್ಮಿ ಒಂದು ವಾರ. ನನ್ನನ್ನು ಹಿಡಿದು ನಿಲ್ಲಿಸಿದ್ದು ದೂರವಲ್ಲ, ಗಡಿಯಾರ. 2018ರ ಜುಲೈವರೆಗೂ ಆ ದೇಶದ ರೈಲು ವೇಳಾಪಟ್ಟಿಗಳೆಲ್ಲ ಮಾಸ್ಕೋ ಸಮಯದಲ್ಲೇ ಇರುತ್ತಿದ್ದವು. ವ್ಲಾಡಿವೋಸ್ಟಾಕ್ ಏಳು ಗಂಟೆ ಮುಂದೆ. ಟಿಕೆಟ್ಟಿನಲ್ಲಿ ಮಧ್ಯಾಹ್ನ ಮೂರು ಅಂತಿದ್ದರೆ ಹೊರಗೆ ರಾತ್ರಿ ಹತ್ತು! ಆ ವರ್ಷದ ಆಗಸ್ಟ್ 1ರಿಂದ ಸ್ಥಳೀಯ ಸಮಯ ಬಂತು. ಪ್ರಯಾಣಿಕರಿಗೆ ಅನುಕೂಲವೇ ಆಯಿತು, ಒಪ್ಪುತ್ತೇನೆ. ನಮ್ಮಂಥ ಮೇಜಿನ ಪ್ರಯಾಣಿಕರಿಗೆ ಮಾತ್ರ ಒಂದು ಚಂದದ ಗಣಿತ ಕೈತಪ್ಪಿತು.

ನಮ್ಮಂಥವರು ಹಿಂದೆಯೂ ಇದ್ದರು. ಥಾಮಸ್ ಕುಕ್ ಕಂಪನಿ 1873ರಲ್ಲಿ ಯುರೋಪಿನ ರೈಲು ವೇಳಾಪಟ್ಟಿಯ ಪುಸ್ತಕ ಶುರು ಮಾಡಿತು. ಅದು 2013ರಲ್ಲಿ ನಿಂತಿತು. ಎಲ್ಲರ ಜೇಬಿನಲ್ಲೂ ಫೋನ್ ಇರುವಾಗ ಬರೀ ಅಂಕಿ ತುಂಬಿದ ಪುಸ್ತಕ ಯಾರಿಗೆ ಬೇಕು, ಅಲ್ವಾ? ಆದರೆ ಅದನ್ನು ಸಿದ್ಧಪಡಿಸುತ್ತಿದ್ದವರೇ ಮರುವರ್ಷ ಸ್ವಂತವಾಗಿ ಮತ್ತೆ ಹೊರತಂದರು. ಫೋನಿನಲ್ಲಿ ಕೇಳಿದ ರೈಲು ಮಾತ್ರ ಸಿಗುತ್ತದೆ. ಪುಸ್ತಕದಲ್ಲಿ ಕೇಳದ ರೈಲುಗಳೂ ಸಿಗುತ್ತವೆ. ಬೆರಳು ಒಂದು ಸಾಲಿನ ಮೇಲೆ ಜಾರುತ್ತ ಹೋಗಿ, ದಿನಕ್ಕೊಂದೇ ಗಾಡಿ ನಿಲ್ಲುವ ಯಾವುದೋ ಸಣ್ಣ ಸ್ಟೇಷನ್ನಿನ ಮೇಲೆ ನಿಲ್ಲುತ್ತದೆ. ಅಲ್ಲಿ ಯಾರು ಇಳಿಯುತ್ತಾರೋ ಅಂತ ಯೋಚನೆ ಶುರುವಾದರೆ ಅವತ್ತಿನ ನಿದ್ದೆ ಹೋಯಿತು ಅಂತಲೇ ಲೆಕ್ಕ.

ಹುಡುಕಾಟದಿಂದ ಲಾಭವೂ ಇದೆ ಅನ್ನಿ. ತಾಜ್ ಮಹಲ್‌ಗೆ ಶುಕ್ರವಾರ, ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಅಂತ ಎಷ್ಟೋ ದೇಶಗಳು ಕೇಳುತ್ತವೆ. ಇವೆಲ್ಲ ಗೊತ್ತಿದ್ದರೆ ಒಳ್ಳೆಯದೇ.

ಒಂದನ್ನು ಮಾತ್ರ ನಾನು ಈ ಚಟದ ಲೆಕ್ಕಕ್ಕೆ ಸೇರಿಸುವುದಿಲ್ಲ. ಹೋಟೆಲ್‌ಗಳ ರಿವ್ಯೂ ಓದುವುದು. ನಲವತ್ತು ಜನ ಹೊಗಳಿದ್ದನ್ನು ಬಿಟ್ಟು, ಬಾತ್‌ರೂಮಿನ ನಲ್ಲಿ ಸೋರುತ್ತಿತ್ತು ಅಂದ ಒಬ್ಬರ ಮಾತನ್ನೇ ತಲೆಯಲ್ಲಿ ಹೊತ್ತು ಮಲಗುವುದು ಆತಂಕ, ಖುಷಿಯಲ್ಲ.

ನನ್ನ ಚಟ ಕೈಕೊಟ್ಟ ಕತೆಯನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ನಾಲ್ಕು ದಿನದ ಪ್ರವಾಸಕ್ಕೆ ಹದಿನೈದು ನಿಮಿಷದ ಲೆಕ್ಕದಲ್ಲಿ ಪಟ್ಟಿ ಮಾಡಿದ್ದೆ. ಮೂರು ಬಣ್ಣದ ಪೆನ್ನು: ಪ್ರಯಾಣಕ್ಕೆ ನೀಲಿ, ನೋಡುವುದಕ್ಕೆ ಹಸಿರು, ವಿಶ್ರಾಂತಿಗೆ ಕೆಂಪು. ಮೊದಲ ರೈಲೇ ಮೂರು ಗಂಟೆ ತಡ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಹಸಿರನ್ನೆಲ್ಲ ಮುಂದಕ್ಕೆ ತಳ್ಳಿದೆ, ಕೆಂಪನ್ನು ಪೂರ್ತಿ ಹೊಡೆದುಹಾಕಿದೆ. ಎರಡನೇ ದಿನ ಬೆಳಿಗ್ಗೆ ಆರಕ್ಕೆ ಎಲ್ಲರನ್ನೂ ಎಬ್ಬಿಸಿದಾಗ ಮಗಳು ಕಣ್ಣು ಉಜ್ಜಿಕೊಳ್ಳುತ್ತ ಕೇಳಿದಳು: "ಅಪ್ಪಾ, ಇವತ್ತು ಖುಷಿ ಪಡೋದು ಎಷ್ಟು ಗಂಟೆಗೆ?" ನನ್ನ ಹೆಂಡತಿ ಏನೂ ಅನ್ನಲಿಲ್ಲ. ಪಟ್ಟಿ ತಗೊಂಡು ಮಡಚಿ ಗಾಳಿ ಬೀಸಿಕೊಂಡಳು. ಆಮೇಲಿಂದ ಜೊತೆಗೆ ಬೇರೆಯವರಿದ್ದರೆ ದಿನಕ್ಕೆ ಒಂದೇ ಕೆಲಸ ಗೊತ್ತು ಮಾಡುತ್ತೇನೆ. ಉಳಿದದ್ದೆಲ್ಲ ನೋಟ್‌ಬುಕ್ಕಿನಲ್ಲೇ ಇರುತ್ತದೆ, ನೋಟ್‌ಬುಕ್ ಬ್ಯಾಗಿನ ತಳದಲ್ಲಿ.

ಆ ಲೆಕ್ಕದಲ್ಲಿ ನಿಮ್ಮ ಚಟ ನನ್ನದಕ್ಕಿಂತ ಎಷ್ಟೋ ಸಾಧು. ಅದರಿಂದ ಬೆಳಿಗ್ಗೆ ಆರಕ್ಕೆ ಯಾರೂ ಏಳಬೇಕಾಗಿಲ್ಲ. ಬೇಕಾದರೆ ಪಾಸ್‌ಪೋರ್ಟ್ ಮಾಡಿಸಿ. ಮಾಡಿಸದಿದ್ದರೂ ಎಂಟನೇ ನೋಟ್‌ಬುಕ್ ತನ್ನಿ. ಮನೆಯವರು ಮತ್ತೆ ನಕ್ಕರೆ ನಕ್ಷೆಯನ್ನು ಅವರ ಮುಂದೆ ಹರಡಿ, ನೀವಾದರೆ ಎಲ್ಲಿ ಇಳಿಯುತ್ತೀರಿ ಅಂತ ಕೇಳಿ ನೋಡಿ.

ನೀವು ಬರೆಯದ ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತಿದೆ. ಆ ರೈಲು ಬೈಕಲ್ ಸರೋವರದ ದಂಡೆಯಲ್ಲಿ ಬಹಳ ದೂರ ಸಾಗುತ್ತದಲ್ಲ, ಪ್ರಪಂಚದಲ್ಲೇ ಅತಿ ಆಳದ ಸರೋವರ. ನೀವು ಆರಿಸಿದ ಗಾಡಿ ಅಲ್ಲಿಗೆ ಹಗಲಲ್ಲಿ ತಲುಪುತ್ತದೋ, ರಾತ್ರಿಯೋ? ರಾತ್ರಿಯಾದರೆ ಗಾಡಿ ಬದಲಿಸಬೇಕಾಗುತ್ತದೆ. ನೋಡಿಕೊಂಡು ಒಂದು ಸಾಲು ಬರೆಯಿರಿ.

— ಸಂಪಾದಕ